ಮ್ಯಾಟಿನ ಕೆಳಗಿತ್ತು ನನ್ನ ಕಾರಿನ ಕಂಪ್ಯೂಟರ್

ಕಳೆದ ವರ್ಷ ಆಯುಧಪೂಜೆ ಮುಗಿದು ನಾಲ್ಕು ದಿನವಾಗಿತ್ತು. ತರಬೇತಿಗೆಂದು ಚಿತ್ರದುರ್ಗಕ್ಕೆ ಹೋದಾಗ ನನ್ನ ಹಳೆಯ ಕಾರು ನಡುರಸ್ತೆಯಲ್ಲೇ ನಿಂತುಬಿಟ್ಟಿತು. ನಾನು ಶ್ರೀರಾಂಪುರದಲ್ಲಿ ಟೀಚರ್, ಮನೆ ಹೊಸದುರ್ಗದಲ್ಲಿ. ಚಿಕ್ಕಂದಿನಿಂದಲೂ ಬಲಗಾಲಿಗೆ ಬಲವಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲಾರೆ. ಕೈಯಲ್ಲೇ ಬ್ರೇಕ್ ಹಿಡಿಯುವಂತೆ ಮಾಡಿಸಿಕೊಂಡ ಈ ಕಾರಿಲ್ಲದಿದ್ದರೆ ನನ್ನ ಕೆಲಸವೂ ಇಲ್ಲ.

ಹತ್ತಿರದ ದೊಡ್ಡ ಗ್ಯಾರೇಜಿಗೆ ತಳ್ಳಿಸಿಕೊಂಡು ಹೋದೆ. ಅಲ್ಲಿಯ ಮೇಸ್ತ್ರಿ ಬಾನೆಟ್ ಎತ್ತಿದ, ಎರಡು ಸಲ ಕೀ ತಿರುಗಿಸಿದ, ಅಷ್ಟೇ.

"ಎಂಜಿನ್ ನಡೆಸೋ ಕಂಪ್ಯೂಟರ್ ಹೋಗೈತೆ ಮೇಡಂ. ಇಷ್ಟು ಹಳೇ ಗಾಡಿಗೆ ಈಗ ಸಿಗಲ್ಲ. ಮಾರಿಬಿಡ್ರಿ, ನಾವೇ ತಗಂತೀವಿ."

"ಅದು ಎಲ್ಲೈತೆ, ತೋರಿಸ್ರಿ," ಎಂದೆ.

ಅವನು ಎಂಜಿನ್ನಿನ ಕಡೆ ಸುಮ್ಮನೆ ಕೈಯಾಡಿಸಿದ. "ಇಲ್ಲೇ ಒಳಗಡೆ ಇರ್ತೈತೆ. ನಿಮಗೆ ಅದೆಲ್ಲ ಗೊತ್ತಾಗಲ್ಲ ಬಿಡ್ರಿ."

ಪಕ್ಕದಲ್ಲಿದ್ದ ಕೆಲಸದವನು ನನ್ನ ಕಾಲು ನೋಡಿ, "ಈ ಕಾಲಲ್ಲಿ ಯಾಕೆ ಡ್ರೈವಿಂಗ್, ಮನೇಲಿರಬಾರದಾ?" ಎಂದು ನಕ್ಕ. ಮೈಯೆಲ್ಲ ಉರಿದುಹೋಯಿತು. ಒಂದು ಪಿಕಪ್ ಗಾಡಿಗೆ ಹಗ್ಗ ಕಟ್ಟಿಸಿ ಹೊಸದುರ್ಗಕ್ಕೆ ಎಳೆಸಿಕೊಂಡು ಬಂದೆ. ದಾರಿಯುದ್ದಕ್ಕೂ ಸ್ಟೇರಿಂಗ್ ಹಿಡಿದು ಅತ್ತೆ.

ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ರುದ್ರಣ್ಣ ಬಾನೆಟ್ ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು ಒಂದೇ ಮಾತು.

"ಹಬ್ಬಕ್ಕೆ ಕಾರಿನ ಒಳಗೂ ನೀರು ಹೊಡೆದ್ರೇನು ಮೇಡಮ್ಮೋರೆ?"

ಹೌದು. ಎತ್ತಿನ ಮೈ ತೊಳೆದಂತೆ ನಾನೇ ಪೈಪ್ ಹಿಡಿದು ಒಳಗೂ ಹೊರಗೂ ತೊಳೆದಿದ್ದೆ.

"ಅದೇ ಮತ್ತೆ! ಹಬ್ಬ ಆದ್ಮೇಲೆ ವಾರಗಟ್ಟಲೆ ನಂಗೆ ಇದೇ ಕೆಲಸ," ಎನ್ನುತ್ತ ಡ್ರೈವರ್ ಪಕ್ಕದ ಸೀಟಿನ ಮುಂದಿನ ಮ್ಯಾಟ್ ಎತ್ತಿದ. ಕೆಳಗೆ ಒಂದು ತಗಡಿನ ಮುಚ್ಚಳ, ಅದರಡಿ ಊಟದ ಡಬ್ಬಿಯಷ್ಟೇ ಇದ್ದ ಕಪ್ಪು ಡಬ್ಬಿ, ಅದೇ ಕಂಪ್ಯೂಟರ್. ಸುತ್ತ ಕುಂಕುಮದ ನೀರು, ಪೂಜೆಯ ಒಂದು ಸೇವಂತಿಗೆ ಹೂವು. ವೈರು ಸೇರುವ ಪಿನ್ನುಗಳಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ರುದ್ರಣ್ಣ ಕಿಲುಬು ಉಜ್ಜಿ ತೆಗೆದು, ಡಬ್ಬಿ ಬಿಚ್ಚಿ ಬಿಸಿಲಿಗಿಟ್ಟು, ಸಂಜೆಯೊಳಗೆ ಕೂರಿಸಿದ. ಮೊದಲ ಕೀಗೇ ಕಾರು ಶುರುವಾಯಿತು.

ನೀರು ಹೊಡೆದದ್ದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ನೋಡದೆಯೇ ಸತ್ತಿದೆ ಎಂದವರನ್ನು ಹೇಗೆ ಬಿಡಲಿ? ಮುಂದಿನ ವಾರ ಅದೇ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಗಿರಾಕಿಗಳೆದುರಿಗೇ ಮೇಸ್ತ್ರಿಯನ್ನು ಕರೆದು ಮ್ಯಾಟ್ ಎತ್ತಿದೆ.

"ನೋಡ್ರಿ, ಇದು ಇರೋದು ಇಲ್ಲಿ."

ಅವನು ಬಗ್ಗಿ ನೋಡಿದ. "ಓ, ಇದರಾಗೆ ಇಲ್ಲಿ ಇಟ್ಟವ್ರಾ?" ಎಂದ.

ಇವತ್ತಿಗೂ ಆ ಮಾತು ನೆನಪಾದರೆ ರಕ್ತ ಕುದಿಯುತ್ತದೆ. ನನ್ನ ಅನ್ನ ಕಿತ್ತುಕೊಳ್ಳಲು ಹೊರಟಿದ್ದವನು ಆ ಡಬ್ಬಿಯ ಮುಖ ನೋಡಿದ್ದು ಅವತ್ತೇ ಮೊದಲು.