ತವರಿಲ್ಲದ ಯಂತ್ರ

ಯಾರು ಲ್ಯಾಪ್‌ಟಾಪ್ ತಂದು ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟರೂ ಮಹಬೂಬ್ ಸಾಹೇಬರು ಅದನ್ನು ತಕ್ಷಣ ತೆರೆಯುತ್ತಿರಲಿಲ್ಲ. ಬೋರಲು ಹಾಕಿ, ತಳದ ಚೀಟಿಯಲ್ಲಿದ್ದ ಮಾದರಿಯ ಸಂಖ್ಯೆ ಓದಿ, ತಮ್ಮ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹುಡುಕುತ್ತಿದ್ದರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ ತೀರ್ಪು ಕೊಡುತ್ತಿದ್ದರು. “ಇದಕ್ಕ ತವರು ಐತಿ ನೋಡ್ರಿ.” ಇಲ್ಲವೇ, “ಇದಕ್ಕ ತವರಿಲ್ಲ, ಮೇಷ್ಟ್ರೆ.”

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಕೊಟ್ಟೂರಿನಲ್ಲಿ ಲ್ಯಾಪ್‌ಟಾಪ್ ಇದ್ದವರನ್ನು ಬೆರಳು ಮಡಚಿ ಎಣಿಸಬಹುದಿತ್ತು. ಸಾಹೇಬರು ಮೊದಲು ರೇಡಿಯೊ, ಆಮೇಲೆ ಟೀವಿ ರಿಪೇರಿ ಮಾಡಿದವರು. ನಲವತ್ತು ದಾಟಿದ ಮೇಲೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ಕಂಪ್ಯೂಟರ್ ಕಲಿತರು. ಯಂತ್ರ ಹುಟ್ಟುವಾಗಲೇ ಅದರ ಹೊಟ್ಟೆಯಲ್ಲಿ ಬರೆದು ಕೂಡಿಸಿದ ಬುದ್ಧಿಯೊಂದು ಇರುತ್ತದೆ, ಅದಕ್ಕೆ ಬಯೋಸ್ ಅನ್ನುತ್ತಾರೆ, ಫ್ಯಾನು ಯಾವಾಗ ತಿರುಗಬೇಕೆಂಬುದನ್ನೂ ಅದೇ ಹೇಳುತ್ತದೆ ಎಂದು ಶಾಲೆಯ ಮೇಷ್ಟ್ರಾದ ನನಗೆ ತಿಳಿಸಿಕೊಟ್ಟವರು ಅವರೇ. ಅದರಲ್ಲಿ ತಪ್ಪಿದ್ದರೆ ಕಂಪನಿಯವರು ತಿದ್ದಿ ಇಂಟರ್‌ನೆಟ್ಟಿನಲ್ಲಿ ಇಡಬೇಕು, ನಾವು ಇಳಿಸಿಕೊಂಡು ಹಾಕಿಕೊಳ್ಳಬೇಕು. ಕೆಲವರು ಇಡುತ್ತಿದ್ದರು; ಸಾಹೇಬರ ಲೆಕ್ಕದಲ್ಲಿ ಆ ಯಂತ್ರಕ್ಕೆ ತವರು ಉಂಟು. ಕೆಲವರು ಹೊಸ ಮಾದರಿ ಬಂದ ಕೂಡಲೇ ಹಳೆಯದನ್ನು ಮರೆಯುತ್ತಿದ್ದರು.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಸಾಹೇಬರು ಬಸ್ ಸ್ಟ್ಯಾಂಡ್ ಎದುರಿನ ಬ್ರೌಸಿಂಗ್ ಸೆಂಟರಿಗೆ ಹೋಗಿ, ಒಂದೊಂದು ಕಂಪನಿಯ ಪುಟ ತೆರೆದು, ಯಾವ ಯಂತ್ರಕ್ಕೆ ಕೊನೆಯ ತಿದ್ದುಪಡಿ ಎಂದು ಬಂತೆಂಬುದನ್ನು ಬರೆದುಕೊಳ್ಳುತ್ತಿದ್ದರು. ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಕನ್ನಡಿಯಂತೆ ಹೊಳೆಯುವ ಹೊಸ ಯಂತ್ರ ತಂದು ತೋರಿಸಿದಾಗ, “ವಾಪಸ್ ಕೊಟ್ಟು ಬರ್ರಿ” ಅಂದುಬಿಟ್ಟರು. ವ್ಯಾಪಾರಿಗೆ ಸಿಟ್ಟು ಬಂತು. ಸಾಹೇಬರದು ತಣ್ಣಗಿನ ದನಿ: “ಮಾರೋ ದಿವ್ಸ ಎಲ್ಲಾರೂ ಪಾನಕ ಕೊಡ್ತಾರ್ರಿ. ಮೂರು ವರ್ಷ ಬಿಟ್ಟು ಹೋಗಿ ಬಾಗಿಲಾ ಬಡೀರಿ, ನೀರಾರ ಕೊಡ್ತಾರೇನು ನೋಡೋಣು.”

ಇಷ್ಟೆಲ್ಲ ಕೇಳಿದ್ದ ನಾನೇ ಅವರನ್ನು ಕೇಳದೆ ದಾವಣಗೆರೆಯಿಂದ ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದೆ. ಅಕ್ಕನಿಗಾಗಿ. ನಾಗವೇಣಕ್ಕನ ಕೈಬೆರಳುಗಳನ್ನು ಸಂಧಿವಾತ ಸೊಟ್ಟ ಮಾಡಿತ್ತು. ಗಂಡನ ಮನೆಯವರು ‘ವಾಸಿಯಾದ ಮೇಲೆ ಬರಲಿ’ ಎಂದು ಕಳಿಸಿ ಒಂಬತ್ತು ವರ್ಷವಾಗಿತ್ತು. ಪೆನ್ನು ಹಿಡಿಯಲಾಗದ ಆ ಬೆರಳಿಗೆ ಲ್ಯಾಪ್‌ಟಾಪಿನ ಹಗುರ ಕೀಲಿಗಳು ಮಣಿದವು. ಕರೆಂಟು ಹೋದರೂ ಅದು ನಡೆಯುತ್ತಿತ್ತು. ವಿಧವಾ ವೇತನ, ರೇಷನ್ ಕಾರ್ಡು, ಹೊಲದ ಖಾತೆ ಎಂದು ಅರ್ಜಿ ಬರೆಸಲು ಹೆಂಗಸರು ನಮ್ಮ ಪಡಸಾಲೆಗೆ ಬರತೊಡಗಿದರು. ಅಕ್ಕ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು ಕೂರತೊಡಗಿದಳು.

ನಾಲ್ಕು ತಿಂಗಳಿಗೆ ಯಂತ್ರ ಕಾದು ಕೆಂಡವಾಗಿ ತಾನೇ ಆರತೊಡಗಿತು. ಮೊದಲು ಒಂದು ತಾಸಿಗೆ, ಆಮೇಲೆ ಇಪ್ಪತ್ತು ನಿಮಿಷಕ್ಕೆ.

ಸಾಹೇಬರು ಮನೆಗೇ ಬಂದರು. ಬಿಚ್ಚಿ, ಧೂಳು ತೆಗೆದು, ಹೊಸ ಫ್ಯಾನು ಕೂಡಿಸಿದರು. ಫ್ಯಾನು ತಿರುಗಲಿಲ್ಲ. “ಫ್ಯಾನಿನ ತಪ್ಪಲ್ರಿ, ಬಯೋಸಿಂದು. ಇದರ ತಂಗಿ ಮಾದರಿಗೆ ತಿದ್ದಿ ಕೊಟ್ಟಾರ, ಇದಕ್ಕ ಕೊಟ್ಟಿಲ್ಲ. ತವರಿನೋರು ಬಾಗಿಲಾ ಹಾಕ್ಯಾರ” ಅಂದರು. ಅಂದ ಮೇಲೆ ಅಕ್ಕನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಅಕ್ಕ ನಕ್ಕಳು. “ನನ್ನ ತವರು ಗಟ್ಟಿ ಐತಿ ಬಿಡ್ರಿ, ಅಣ್ಣಾರ.”

ಅವರು ಕಂಪನಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದರು. ಎಸ್‌ಟಿಡಿ ಬೂತಿನಿಂದ ಫೋನು ಹಚ್ಚಿ ಅರ್ಧ ತಾಸು ಸಂಗೀತ ಕೇಳಿದರು. ಎರಡು ತಿಂಗಳಿಗೆ ಬಂದ ಉತ್ತರ ಒಂದೇ ಸಾಲು: ಈ ಮಾದರಿಗೆ ಬೆಂಬಲ ನಿಲ್ಲಿಸಲಾಗಿದೆ, ಹೊಸ ಮಾದರಿಗಳನ್ನು ಪರಿಶೀಲಿಸಿ.

ಅಕ್ಕನೇ ಆ ಮಾತು ಎತ್ತಿದಳು. “ತಂಗೀದು ಅಕ್ಕಗ ಆಗಂಗಿಲ್ಲೇನ್ರಿ? ಅದನ್ನ ಹಾಕಿ ನೋಡ್ರಿ.”

“ಬ್ಯಾಡ್ರಿ ಅಕ್ಕಾರ. ಹೊಂದಲಿಲ್ಲಂದ್ರ ಮತ್ತ ಏಳಂಗಿಲ್ಲ ಅದು.”

“ಈಗಾರ ಎಲ್ಲಿ ಎದ್ದು ಕುಂತೈತಿ? ಹೊರಗ ಐದು ಮಂದಿ ಕಾಯಾಕ ಹತ್ಯಾರ.”

ಅವರು ನನ್ನ ಕಡೆ ನೋಡಿದರು. ನಾನು ಬೇಡ ಅನ್ನಲಿ ಎಂದೇ ನೋಡಿದರೆಂದು ಈಗ ಅನ್ನಿಸುತ್ತದೆ. ನಾನು, “ಹಾಕ್ರಿ ಸಾಹೇಬ್ರೆ” ಅಂದೆ.

ಬ್ರೌಸಿಂಗ್ ಸೆಂಟರಿನಿಂದ ತಂಗಿ ಮಾದರಿಯ ತಿದ್ದುಪಡಿ ಇಳಿಸಿ ತಂದು, ಬ್ಯಾಟರಿ ತುಂಬಿದೆಯೆಂದು ಎರಡು ಸಲ ನೋಡಿಕೊಂಡು, ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದರು. ನೀಲಿ ಪಟ್ಟಿ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬಿತು. ಮುಗಿಯಿತು ಎಂದು ಬರೆದು ತೋರಿಸಿತು ಕೂಡ. ಯಂತ್ರ ಆರಿತು. ಮತ್ತೆ ಹೊತ್ತಲಿಲ್ಲ.

ಮೂರು ದಿನ ಅಂಗಡಿಯ ಬೇರೆ ಕೆಲಸವೆಲ್ಲ ಬಿಟ್ಟು ಹೆಣಗಿದರು. ನಾಲ್ಕನೆಯ ದಿನ ಅದರ ಹಾರ್ಡ್ ಡಿಸ್ಕ್ ಬಿಚ್ಚಿ, ಅಕ್ಕನ ಅರ್ಜಿಗಳನ್ನೆಲ್ಲ ಸಿ.ಡಿ.ಗೆ ಇಳಿಸಿ ತಂದುಕೊಟ್ಟರು. ತಮ್ಮದೇ ಹಳೆಯ ಕಂಪ್ಯೂಟರನ್ನೂ ಕೈಗಾಡಿಯಲ್ಲಿ ತಂದಿದ್ದರು. ಅದರ ಕೀಲಿಗಳು ಬಿರುಸು. ಅಕ್ಕ ಒಂದು ಅರ್ಜಿಯ ಅರ್ಧಕ್ಕೆ ಬಂದು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹೆಂಗಸರು ಕೆಲವು ದಿನ ಬಂದರು, ಆಮೇಲೆ ನಾಡಕಚೇರಿಯ ಮುಂದೆ ಕೂತು ಅರ್ಜಿ ಬರೆಯುವವರ ಹತ್ತಿರ ಹೋದರು. ಬೇರೆ ಲ್ಯಾಪ್‌ಟಾಪ್ ಕೊಳ್ಳುವಷ್ಟು ನಾನು ಸುಧಾರಿಸಿಕೊಳ್ಳುವ ಹೊತ್ತಿಗೆ ಅವಳ ಬೆರಳುಗಳು ಅಂಗೈಗೆ ಅಂಟಿಕೊಂಡಿದ್ದವು.

ಅಕ್ಕ ಅವರನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಸಾಹೇಬರು ನಮ್ಮ ಓಣಿಗೆ ಬರುವುದನ್ನು ಬಿಟ್ಟರು. ಮೊದಲು ಲ್ಯಾಪ್‌ಟಾಪ್ ಮುಟ್ಟುವುದನ್ನು ನಿಲ್ಲಿಸಿದರು, ಮರುವರ್ಷ ಅಂಗಡಿಯನ್ನೇ ಮುಚ್ಚಿ ಹರಪನಹಳ್ಳಿಯ ಮಗಳ ಮನೆ ಸೇರಿದರು.

ಕೊನೆಯ ಸಲ ಕಂಡದ್ದು ಆ ಊರಿನ ಬಸ್ ಸ್ಟ್ಯಾಂಡಿನಲ್ಲಿ. ಕೊಡೆಯ ಕೆಳಗೆ ಕೂತು ಮೊಬೈಲ್ ಕವರು ಮಾರುತ್ತಿದ್ದರು. ಗಡ್ಡ ಪೂರಾ ಬಿಳುಪಾಗಿತ್ತು. ಮಾತಿಗೊಂದು ನೆಪ ಬೇಕೆಂದು, ನಮ್ಮ ಶಾಲೆಗೊಂದು ಲ್ಯಾಪ್‌ಟಾಪ್ ಕೊಳ್ಳಬೇಕು, ಯಾವ ಕಂಪನಿ ಒಳ್ಳೆಯದು ಎಂದು ಕೇಳಿದೆ.

“ಯಾವುದಾರ ತಗೊಳ್ರಿ, ಮೇಷ್ಟ್ರೆ” ಅಂದರು. ಆಮೇಲೆ ಕೇಳಿದರು: “ಅಕ್ಕಾರು ಹ್ಯಾಂಗದಾರ?”

“ಅವ್ವ ಊಟ ಮಾಡಸ್ತಾಳ” ಅಂದೆ.

ಅವರು ಕವರುಗಳನ್ನು ಸರಿಯಾಗಿ ಜೋಡಿಸುತ್ತಲೇ, “ಅವತ್ತು ಇನ್ನೊಂದು ಸಲ ಬ್ಯಾಡ ಅನ್ನಬೇಕಾಗಿತ್ತು ನಾನು” ಅಂದರು.

ಹಾಕ್ರಿ ಅಂದವನು ನಾನು ಎಂದು ಹೇಳಲು ಬಾಯಿ ತೆರೆದೆ. ಕೊಟ್ಟೂರು ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡು ಓಡಿ ಹತ್ತಿದೆ.

ಮೂರು ತಿಂಗಳ ಮೇಲೆ ಹೋದಾಗ ಆ ಜಾಗದಲ್ಲಿ ಬೇರೊಬ್ಬರು ಬಾಳೆಹಣ್ಣು ಹರಡಿಕೊಂಡಿದ್ದರು. “ಮಹಬೂಬ್ ಸಾಬ್ರಾ? ಅವರು ತೀರಿಕೊಂಡು ತಿಂಗಳಾತಲ್ರಿ” ಅಂದರು. ಸಾಹೇಬರು ಹೋದ ಸುದ್ದಿಯನ್ನು ನಾನು ಅಕ್ಕನಿಗೆ ಇನ್ನೂ ಹೇಳಿಲ್ಲ.