ಹತ್ತಡಿ ಕೋಣೆಗೆ ಸ್ಪೀಕರ್ ಪಳಗಿಸುವ ತನುಜ

ಬೆಳಗಿನ ಐದೂವರೆ. ಶಿಡ್ಲಘಟ್ಟದ ಇಕ್ಕಟ್ಟಾದ ಬೀದಿಯೊಂದರ ಮನೆಯ ನಡುಮನೆಯಲ್ಲಿ ತನುಜ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಾರೆ. ಪಾದಗಳ ನಡುವೆ ಮರದ ಗಾಲಿ, ಎಡಗೈಯಲ್ಲಿ ಅದರ ಹಿಡಿ, ಬಲಗೈಯ ಎರಡು ಬೆರಳ ಸಂದಿಯಲ್ಲಿ ತಾಮ್ರದ ತಂತಿ. ಗಾಲಿ ಒಮ್ಮೆ ತಿರುಗಿದರೆ ತಂತಿ ಒಂದು ಸುತ್ತು ಕೂರುತ್ತದೆ, ಹಿಂದಿನ ಸುತ್ತಿಗೆ ಒತ್ತಿಕೊಂಡು, ಒಂದರ ಮೇಲೊಂದು ಹತ್ತದಂತೆ. ತುಟಿ ಮಾತ್ರ ಅಲ್ಲಾಡುತ್ತಿದೆ. ಮಾತಾಡಿಸಿದರೆ ತಲೆಯಾಡಿಸಿ ತಡೆಯುತ್ತಾರೆ. ನೂರ ತೊಂಬತ್ತಾರಕ್ಕೆ ಗಾಲಿ ನಿಲ್ಲಿಸಿ, ತಂತಿಯ ತುದಿಗೆ ದಾರ ಬಿಗಿದು, ಆಮೇಲೆ ಮುಖ ಎತ್ತುತ್ತಾರೆ.

"ಎಣಿಕೆ ತಪ್ಪಿದ್ರೆ ಪೂರ್ತಿ ಬಿಚ್ಬೇಕು. ಒಂದ್ಸಲ ಬಿಚ್ಚಿದ ತಂತಿ ಮತ್ತೆ ನೆಟ್ಟಗೆ ಕೂರಲ್ಲ. ಅದಕ್ಕೇ ಈ ಹೊತ್ನಲ್ಲಿ ಮಾಡ್ತೀನಿ. ಏಳು ಗಂಟೆ ಆಯ್ತು ಅಂದ್ರೆ ಯಾರಾದ್ರೂ ಒಬ್ರು ಹೆಸರು ಹಿಡಿದು ಕೂಗ್ತಾರೆ," ಎನ್ನುತ್ತಾರೆ.

ಈ ಸುರುಳಿ ಚಿಂತಾಮಣಿಯ ವಕೀಲರೊಬ್ಬರ ಮನೆಯ ಸ್ಪೀಕರ್ ಪೆಟ್ಟಿಗೆಯೊಳಗೆ ಹೋಗಬೇಕು. ಹಾಡಿನ ದಪ್ಪ ಸದ್ದನ್ನು ಅದುರಿ ಸದ್ದು ಮಾಡುವ ದೊಡ್ಡ ಕಾಗದದ ಕೋನಿಗೆ ದಾಟಿಸಿ, ಕೀಚಲಾದ ಸಣ್ಣ ಸದ್ದು ಅತ್ತ ಸುಳಿಯದಂತೆ ನೋಡಿಕೊಳ್ಳುವುದು ಇದರ ಕೆಲಸ. ಎದೆಯುದ್ದ ನಿಲ್ಲುವ ಈ ವಿದೇಶಿ ಸ್ಪೀಕರ್‌ಗಳ ಬೆಲೆ ಲಕ್ಷಗಳಲ್ಲಿ. ಅವನ್ನು ತಯಾರಿಸಿದವರ ಕಣ್ಣ ಮುಂದೆ ಇದ್ದದ್ದು ವಿಶಾಲವಾದ ಹಜಾರ. ಅವು ಬಂದು ಸೇರುವುದು ಮಾತ್ರ ನಮ್ಮೂರುಗಳ ಹತ್ತಡಿ ಕೋಣೆಗೆ. ಅಲ್ಲಿ ಅವು ಹಾಡುವುದಿಲ್ಲ, ಗುಡುಗುತ್ತವೆ. ಪೆಟ್ಟಿಗೆಗೂ ಗೋಡೆಗೂ ರಾಜಿ ಮಾಡಿಸುವುದು ತನುಜ ಅವರ ಕಸುಬು. ಒಂಬತ್ತು ವರ್ಷದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸುತ್ತ ನೂರಮೂವತ್ತಕ್ಕೂ ಹೆಚ್ಚು ಕೋಣೆ ನೋಡಿದ್ದಾರೆ. ತೀರಾ ಚಿಕ್ಕದು ಗೌರಿಬಿದನೂರಿನದು, ಏಳಡಿಗೆ ಎಂಟಡಿ, ಮೊದಲು ಕಾಳಿನ ಮೂಟೆ ಇಡುತ್ತಿದ್ದ ಕೋಣೆಯಂತೆ. ಅಂಗಡಿಗೆ ಬೋರ್ಡಿಲ್ಲ, ಅಂಗಡಿಯೇ ಇಲ್ಲ. ಫೋನ್ ನಂಬರು ಬಾಯಿಂದ ಬಾಯಿಗೆ ಹೋಗುತ್ತದೆ.

ತನುಜ ಅವರಿಗೆ ಈಗ ನಲವತ್ತೇಳು. ಹದಿನಾರನೇ ವಯಸ್ಸಿನಿಂದ ರೇಷ್ಮೆ ನೂಲು ತೆಗೆಯುತ್ತಿದ್ದವರು. ಬಿಸಿನೀರಿನಲ್ಲಿ ಕುದಿಯುವ ಗೂಡಿನಿಂದ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆ ಹಿಡಿದು ಚರಕಕ್ಕೆ ಕೊಡುವ ಕೆಲಸ. ಅವರಿದ್ದ ಘಟಕ ಮುಚ್ಚಿದಾಗ ಸೋದರಮಾವ ನಲ್ಲಪ್ಪ ತಮ್ಮ ಮೈಕ್‌ಸೆಟ್ ಅಂಗಡಿಗೆ ಕರೆದರು. ಮದುವೆ ಮನೆಗಳಲ್ಲಿ ಕೂಗಿ ಕೂಗಿ ಸುಟ್ಟುಹೋದ ಸ್ಪೀಕರ್‌ಗಳು ಅಲ್ಲಿ ರಾಶಿ ಬಿದ್ದಿದ್ದವು. ಹೊಸ ಸುರುಳಿ ಸುತ್ತಲು ಹೋದರೆ ನಲ್ಲಪ್ಪನವರ ದಪ್ಪ ಬೆರಳಿಗೆ ತಂತಿ ಕಡಿದುಹೋಗುತ್ತಿತ್ತು. ತನುಜ ಮೊದಲ ದಿನವೇ ಒಂದನ್ನೂ ಕಡಿಯದೆ ಮೂರು ಸುತ್ತಿದರು. "ನೂಲಿಗಿಂತ ಇದು ಎಷ್ಟೋ ವಾಸಿ. ಕೈ ಸುಡಲ್ಲ," ಎಂದು ಅವರು ಹೇಳಿದ್ದನ್ನು ನಲ್ಲಪ್ಪ ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ.

ಕೈ ಹೀಗೆ ಕುದುರಿತು. ಕಿವಿಯ ಪಾಠ ಕಲಿತದ್ದು ಬೇರೆ ಕಡೆ. ಅದನ್ನು ತಿಳಿಯಬೇಕಾದರೆ ಚಿಕ್ಕಬಳ್ಳಾಪುರದ ಸತ್ಯಮೂರ್ತಿಯವರ ಮನೆಗೆ ಹೋಗಬೇಕು.

ಸತ್ಯಮೂರ್ತಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಾಹೇಬರೊಬ್ಬರ ಮನೆಗೆ ಫೈಲು ಒಯ್ದಿದ್ದರು. ಒಳಗೆ ದೊಡ್ಡ ಸ್ಪೀಕರ್‌ನಲ್ಲಿ ವೀಣೆ ಬರುತ್ತಿತ್ತು. ತಂತಿಯ ಮೇಲೆ ಬೆರಳು ಜಾರುವ ಸದ್ದೂ ಕೇಳುತ್ತಿತ್ತಂತೆ. ಸಾಹೇಬರು ಬರುವವರೆಗೆ ಇಪ್ಪತ್ತು ನಿಮಿಷ ಬಾಗಿಲಲ್ಲೇ ನಿಂತಿದ್ದರು. ಅಂಥದ್ದೊಂದು ತಮ್ಮ ಮನೆಯಲ್ಲೂ ಇರಬೇಕೆಂಬ ಆಸೆ ನಲವತ್ತು ವರ್ಷ ಜೊತೆಗೇ ಬಂತು. ಎರಡು ವರ್ಷದ ಹಿಂದೆ, ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಕುಟುಂಬದಿಂದ ಹಳೆಯದೊಂದು ಜೋಡಿ ಕೊಂಡು ತಂದರು. ಒಂದೊಂದೂ ನಾಲ್ಕಡಿ ಎತ್ತರ, ನಲವತ್ತೆರಡು ಕಿಲೋ ತೂಕ. ಇಟ್ಟ ಕೋಣೆ ಹತ್ತಡಿಗೆ ಒಂಬತ್ತೂವರೆ.

ಅವರ ಪತ್ನಿ ಗೋದಮ್ಮ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವರು. ಮದುವೆಯಾದಾಗಿನಿಂದ ಸಂಜೆ ದಂಪತಿ ಒಟ್ಟಿಗೆ ಕೂತು ರೇಡಿಯೊದಲ್ಲಿ ಸಂಗೀತ ಕಚೇರಿ ಕೇಳುವುದು ಮನೆಯ ರೂಢಿ. ದೊಡ್ಡ ಪೆಟ್ಟಿಗೆಗಳು ಬಂದ ವಾರಕ್ಕೇ ಗೋದಮ್ಮ ಅಡುಗೆಮನೆ ಸೇರಿಕೊಂಡರು. ಮೃದಂಗ ಶುರುವಾದರೆ ಕಿಟಕಿಯ ಸರಳು ನಡುಗುತ್ತಿತ್ತು. ತಲೆಯೊಳಗೆ ರಾಗಿ ಬೀಸಿದ ಹಾಗಾಗುತ್ತದೆ ಎಂದು ಒಮ್ಮೆ ಹೇಳಿದರು. ನಗರದ ಅಂಗಡಿಯವರೊಬ್ಬರು ಬಂದು ಆಂಪ್ಲಿಫೈಯರ್ ಬದಲಿಸಿ ಎಂದರು. ಬದಲಿಸಿದ್ದಾಯಿತು. ಕೇಬಲ್ ಬದಲಿಸಿ ಎಂದರು, ಅದೂ ಆಯಿತು. ಕೊನೆಗೆ, ಈ ಕೋಣೆಗೆ ಇದು ಆಗುವುದಿಲ್ಲ, ಮಾರಿಬಿಡಿ ಎಂದರು. ಸತ್ಯಮೂರ್ತಿಯವರು ಒಬ್ಬರೇ ಕೂತು, ಸದ್ದನ್ನು ಇನ್ನಷ್ಟು ಏರಿಸಿ ಕೇಳುತ್ತಿದ್ದರು.

ಪರಿಚಯದವರೊಬ್ಬರು ಹೇಳಿ ಕಳಿಸಿದ ಮೇಲೆ ತನುಜ ಮೊದಲ ಬಸ್ಸಿಗೆ ಬಂದು ಗೇಟಿನಲ್ಲಿ ನಿಂತ ಬೆಳಿಗ್ಗೆ ಸತ್ಯಮೂರ್ತಿಯವರು ಅವರ ಹಿಂದೆ ಬೀದಿಯುದ್ದಕ್ಕೂ ನೋಡಿದರು. ಮೆಕ್ಯಾನಿಕ್ಕು ಹಿಂದಿನಿಂದ ಬರುತ್ತಿದ್ದಾರೇನೋ ಎಂದುಕೊಂಡಿದ್ದರಂತೆ. ತನುಜ ಅವರಿಗೆ ಇದು ಹೊಸದಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೋಣೆಯ ನಾಲ್ಕು ಮೂಲೆಯಲ್ಲೂ ಚಪ್ಪಾಳೆ ತಟ್ಟಿದರು. ಹಾಡು ಹಾಕಿಸಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗೋಡೆಗೆ ಕಿವಿ ಕೊಟ್ಟರು. ದಪ್ಪ ಸದ್ದು ಮೂಲೆಗೆ ಹೋಗಿ ಗುಡ್ಡೆ ಬೀಳುತ್ತಿದೆ ಎಂದು ಇಬ್ಬರನ್ನೂ ಅಲ್ಲಿಗೇ ಕರೆದು ತೋರಿಸಿದರು. ಆಮೇಲೆ ಬ್ಯಾಗಿನಿಂದ ಫೋನ್ ತೆಗೆದು ಸ್ಪೀಕರಿಗೆ ಜೋಡಿಸಿದರು. ಕೀಚಲು ಶಿಳ್ಳೆಯಿಂದ ಹಿಡಿದು ಕೆಳಗಿನ ಸದ್ದಿನವರೆಗೆ ಒಂದೊಂದಾಗಿ ಕೇಳಿಸಿ, ಪೆಟ್ಟಿಗೆಯಲ್ಲಿ ಯಾವುದು ಕುಂಟುತ್ತಿದೆ ಎಂದು ಹುಡುಕುವ ಪರೀಕ್ಷೆ ಅದು.

ಮೊದಲಿಗೆ ಕೀಚಲು ಶಿಳ್ಳೆ ಹೊರಟಿತು. ಗೋದಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಕುರ್ಚಿಯಲ್ಲಿ ಮುಂದೆ ಬಾಗಿ ಕೂತಿದ್ದ ಸತ್ಯಮೂರ್ತಿಯವರು ತನುಜ ಅವರ ಮುಖ ನೋಡಿ ಕೇಳಿದರು: "ಶುರು ಮಾಡಿದ್ಯೇನಮ್ಮಾ?"

ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ತನುಜ ಫೋನಿನ ಮೇಲೆ ಬೆರಳಾಡಿಸಿ ಶಿಳ್ಳೆಯನ್ನು ಕೆಳಕ್ಕಿಳಿಸಿದರು. "ಈಗ ಮಾಡ್ತೀನಿ ಸಾರ್," ಎಂದರು.

ಶಿಳ್ಳೆ ಆಗಲೇ ಬರುತ್ತಿತ್ತೆಂದು ಯಾಕೆ ಹೇಳಲಿಲ್ಲ ಎಂದು ಕೇಳಿದರೆ ತನುಜ ತಮ್ಮ ಮನೆಯ ಒಳಕೋಣೆಯತ್ತ ಕೈ ತೋರುತ್ತಾರೆ. ಅಲ್ಲಿ ಮಂಚದ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿರುವವರು ತಾಯಿ ಅಕ್ಕಯಮ್ಮ. ರೇಷ್ಮೆ ನೂಲಿಗೆ ಹುರಿ ಹಾಕುವ ಯಂತ್ರಗಳ ನಡುವೆ ಇಪ್ಪತ್ತೆಂಟು ವರ್ಷ ದುಡಿದವರು. ಯಂತ್ರದ ಚೀರಾಟಕ್ಕೆ ಕಿವಿ ಮೆಲ್ಲಮೆಲ್ಲನೆ ಹೋಯಿತು. ಮೊದಲು ಹೋದದ್ದು ಸಣ್ಣ ಸದ್ದು. ಮಾತು ಕೇಳುತ್ತಿತ್ತು, ಆದರೆ 'ಸ'ಕಾರ, 'ಶ'ಕಾರ ಜಾರಿಹೋಗಿ ಅರ್ಥ ಆಗುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡರು. ಆರೋಗ್ಯ ಶಿಬಿರವೊಂದರಲ್ಲಿ ಪರೀಕ್ಷೆ ಮಾಡಿದವರು, ಈ ಅಜ್ಜಿಗೆ ಕಿವಿ ಹೋಗಿದೆ ಎಂದು ಸಾಲಿನಲ್ಲಿ ನಿಂತವರೆಲ್ಲರ ಎದುರು ಗಟ್ಟಿಯಾಗಿ ಹೇಳಿಬಿಟ್ಟರು. ಸಾಲಿನಲ್ಲಿದ್ದವರೆಲ್ಲ ಬೀದಿಯ ನೆಂಟರಿಷ್ಟರೇ.

"ಅವತ್ತಿಂದ ನಮ್ಮಮ್ಮ ಯಾರ ಮನೆ ಮದುವೆಗೂ ಹೋಗ್ಲಿಲ್ಲ. ಕಿವಿ ಹೋಗಿದ್ದಕ್ಕಲ್ಲ, ಹೇಳಿದ ರೀತಿಗೆ," ಎನ್ನುತ್ತಾರೆ ತನುಜ.

ಸತ್ಯಮೂರ್ತಿಯವರು ಸದ್ದು ಏಕೆ ಏರಿಸುತ್ತಿದ್ದರು ಎನ್ನುವುದು ತನುಜ ಅವರಿಗೆ ಆ ಶಿಳ್ಳೆಯ ದಿನವೇ ಅರ್ಥವಾಗಿತ್ತು. ಕೇಳಿಸದ ಸಣ್ಣ ಸದ್ದನ್ನು ಹಿಡಿಯಲು ಅವರು ಗುಂಡಿ ತಿರುಗಿಸುತ್ತಿದ್ದರು. ಅದರ ಜೊತೆಗೆ ದಪ್ಪ ಸದ್ದೂ ಏರಿ ಗೋದಮ್ಮನವರನ್ನು ಹೊರಗಟ್ಟುತ್ತಿತ್ತು. ಹೊರಡುವಾಗ ಗೇಟಿನ ಬಳಿ ಗೋದಮ್ಮನವರಿಗೆ ಮಾತ್ರ, ಸಾರ್ ಕಿವಿ ಒಮ್ಮೆ ತೋರಿಸಿದರೆ ಒಳ್ಳೆಯದು ಎಂದು ಮೆಲ್ಲಗೆ ಹೇಳಿದರು. ನನಗೂ ಅನುಮಾನ ಇತ್ತು ಎಂದರು ಗೋದಮ್ಮ.

ಕೆಲಸ ಹನ್ನೊಂದು ದಿನ ಹಿಡಿಯಿತು. ಕೋನುಗಳ ಸುತ್ತಲಿನ ಫೋಮ್ ಅಂಚು ಮುಟ್ಟಿದರೆ ಹಳೇ ಹಪ್ಪಳದಂತೆ ಪುಡಿಯಾಗುತ್ತಿತ್ತು. ಪೆಟ್ಟಿಗೆಗೆ ಎರಡರಂತೆ ಒಳಗಿದ್ದ ನಾಲ್ಕು ದೊಡ್ಡ ಸ್ಪೀಕರ್‌ಗಳನ್ನು ಬಿಚ್ಚಿ, ಹಳೇ ಸೀರೆಯಲ್ಲಿ ಸುತ್ತಿ, ಎರಡೆರಡಾಗಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಶಿಡ್ಲಘಟ್ಟಕ್ಕೆ ತಂದರು. ರಬ್ಬರಿನ ಹೊಸ ಅಂಚು ಅಂಟಿಸಿದರು. ಒಳಗಿನ ಒಣಗಿದ ಕೆಪಾಸಿಟರ್‌ಗಳನ್ನು ಕಿತ್ತು ಒಳ್ಳೆಯವನ್ನು ಹಾಕಿದರು, ಸುರುಳಿಗಳನ್ನು ತಾವೇ ಸುತ್ತಿದರು. ಪೆಟ್ಟಿಗೆಯ ಬೆನ್ನಿನಲ್ಲಿ ಗಾಳಿ ಹೊರಡುವ ತೂತು ಮುಚ್ಚಿ, ಒಳಗೆ ಉಣ್ಣೆ ತುಂಬಿ, ಮೂಲೆಯಿಂದ ಎರಡಡಿ ಈಚೆ ನಿಲ್ಲಿಸಿದರು.

ಗೋದಮ್ಮನವರನ್ನು ಕರೆದು ಕೂರಿಸಿ ಹಾಡು ಹಾಕಿದರು. ಗೋದಮ್ಮ ಒಂದು ಕೀರ್ತನೆ ಮುಗಿಯುವ ತನಕ ಕೇಳಿ ಹೇಳಿದರು: "ಗುಂಯ್ ಅನ್ನೋದು ಹೋಯ್ತು ಕಣಮ್ಮಾ. ಅದರ ಜೊತೆಗೆ ಹಾಡೋವಳ ಉಸಿರೂ ಹೋಯ್ತು."

ಆ ದಿನ ವಾಪಸ್ ಬಸ್ಸಿನಲ್ಲಿ ಕಣ್ಣೀರು ಬಂತು ಎಂದು ತನುಜ ಮುಚ್ಚಿಡದೆ ಹೇಳುತ್ತಾರೆ. ಸಿಟ್ಟೂ ಬಂದಿತ್ತು. ಆದರೆ ಮನೆ ಸೇರುವ ಹೊತ್ತಿಗೆ ಗೋದಮ್ಮ ಹೇಳಿದ್ದೇ ಸರಿ ಎನಿಸಿತು. ಗುಡುಗು ಅಡಗಿಸುವ ಆತುರದಲ್ಲಿ ಉಣ್ಣೆ ಹೆಚ್ಚು ತುರುಕಿದ್ದರು. ಮುಂದಿನ ವಾರ ಹೋಗಿ ಒಂದೊಂದು ಹಿಡಿ ಉಣ್ಣೆ ಹೊರತೆಗೆಯುತ್ತ, ಪ್ರತಿ ಸಲವೂ ಅದೇ ಹಾಡು ಹಾಕಿ, ಗೋದಮ್ಮನವರ ಮುಖ ನೋಡಿದರು. ಪೆಟ್ಟಿಗೆಗೆ ನಾನೂರು ಗ್ರಾಂ ಇದ್ದದ್ದು ನೂರೈವತ್ತಕ್ಕೆ ಇಳಿದಾಗ ಗೋದಮ್ಮ ಕೈಯೆತ್ತಿ ಸಾಕು ಎಂದರು.

"ಅಪ್‌ಗ್ರೇಡ್ ಮಾಡಿ ಅಂತ ಕರೀತಾರೆ. ಎಲ್ರಿಗೂ ಏನಾದ್ರೂ ಸೇರಿಸ್ಬೇಕು ಅಂತಾನೇ ಇರತ್ತೆ. ನಾನು ಅರ್ಧ ಕೆಲಸ ತೆಗೆಯೋದ್ರಲ್ಲೇ ಮಾಡೋದು," ಎಂದು ತನುಜ ನಗುತ್ತಾರೆ.

ಹಿಂಗೋಡೆಗೆ ಒರಗಿದ್ದ ಸತ್ಯಮೂರ್ತಿಯವರ ಕುರ್ಚಿಯನ್ನು ಅದೇ ದಿನ ಮುಂದಕ್ಕೆ ಎಳೆದರು. ಪೆಟ್ಟಿಗೆಗಳನ್ನು ಒಂದಿಷ್ಟು ಓರೆ ಮಾಡಿ, ಸಣ್ಣ ಸದ್ದು ನೇರ ಆ ಕುರ್ಚಿಗೇ ಬರುವಂತೆ ತಿರುಗಿಸಿದರು. ಒಳಗೆ ಸಣ್ಣದೊಂದು ಬಿಡಿಭಾಗ ಬದಲಿಸಿ ಅದನ್ನು ತುಸು ಎತ್ತರಿಸಿದರು. ಗೋದಮ್ಮನವರಿಗೆ ಪಕ್ಕದಲ್ಲಿ, ಪುಸ್ತಕದ ಕಪಾಟಿಗೆ ಒತ್ತಿ, ದಿವಾನ್ ಮಂಚ ಹಾಕಿಸಿದರು. ಎಂಟರಲ್ಲಿ ಇರುತ್ತಿದ್ದ ಗುಂಡಿಯನ್ನು ಸತ್ಯಮೂರ್ತಿಯವರು ತಾವಾಗಿಯೇ ನಾಲ್ಕಕ್ಕೆ ಇಳಿಸಿದರು. ಕುರ್ಚಿ ಸರಿಸಿದ್ದು ಯಾಕೆ ಎಂದು ಅವರು ಕೇಳಲಿಲ್ಲ.

ಈ ವಿಷಯ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಸತ್ಯಮೂರ್ತಿಯವರನ್ನೇ ಕೇಳಿದಾಗ ಅವರು ಹೇಳಿದರು: "ಬರೀರಿ, ತೊಂದರೆ ಇಲ್ಲ. ಆ ಶಿಳ್ಳೆ ದಿನವೇ ನಂಗೆ ಗೊತ್ತಾಯ್ತು. ಇವಳು ಕಿವಿ ಮುಚ್ಕೊಂಡಿದ್ದು ಕಂಡಿದ್ದೆ. ಆಯಮ್ಮ ಅದನ್ನ ಬಾಯಿಬಿಟ್ಟು ಹೇಳಿದ್ರೆ ನಾನು ಎದ್ದು ಹೋಗ್ತಿದ್ದೆ, ಸ್ಪೀಕರೂ ಮಾರ್ತಿದ್ದೆ." ತಿಂಗಳ ಬಳಿಕ, ಹೆಂಡತಿ ಕೇಳುವ ಮೊದಲೇ, ತಾವಾಗಿಯೇ ಕಿವಿ ಡಾಕ್ಟರ ಬಳಿ ಹೋದರು. ಈಗ ಎರಡೂ ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾರೆ.

ಯಂತ್ರ ಬಂದ ಮೇಲೆ ಸ್ಪೀಕರ್‌ನ ಸಣ್ಣ ಸದ್ದು ಅವರಿಗೆ ಚುಚ್ಚತೊಡಗಿತು. ಎತ್ತರಿಸಿದ್ದನ್ನು ಇಳಿಸಲು ತನುಜ ಮತ್ತೆ ಹೋಗಬೇಕಾಯಿತು. ಅರ್ಧ ಗಂಟೆಯ ಕೆಲಸ. ಬಸ್ಸಿಗೆ ಕೊಡುವಷ್ಟು ಮಾತ್ರ ತೆಗೆದುಕೊಂಡರು ಎಂದು ಗೋದಮ್ಮನವರಿಗೆ ಇಂದಿಗೂ ಬೇಸರ.

ಮನೆಯಲ್ಲಿ ತನುಜ ಅವರಿಗೆ ಸ್ವಂತದ್ದೆಂದು ಒಳ್ಳೆಯ ಸ್ಪೀಕರ್ ಇಲ್ಲ. ಶಾಲಾ ವ್ಯಾನು ಓಡಿಸುವ ಪತಿ ಒಂದು ಜೋಡಿ ಮಾಡಿಕೊಳ್ಳಲು ಹೇಳುತ್ತಲೇ ಇರುತ್ತಾರೆ. ಅದರ ಆಸೆ ತನಗಿಲ್ಲ ಎನ್ನುತ್ತಾರೆ ತನುಜ. ಹಾಗಾದರೆ ಆಸೆ ಯಾವುದು ಎಂದರೆ, ಸುತ್ತಿದ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡುತ್ತ ಉತ್ತರಿಸುತ್ತಾರೆ.

"ಯಾವ್ದಾದ್ರೂ ಹಾಡು ಕೇಳ್ದೆ ಅಂದ್ರೆ ಕಿವಿ ಮೊದ್ಲು ತಪ್ಪು ಹುಡುಕಕ್ಕೆ ಹೋಗತ್ತೆ. ಇಲ್ಲಿ ಗುಂಯ್ ಅಂತು, ಅಲ್ಲಿ ಒಡೀತು ಅಂತ. ಒಂದ್ಸಲ ಸುಮ್ನೆ ಕೂತು ಕೇಳ್ಬೇಕು ಅಂತ ಬಹಳ ದಿನದಿಂದ ಇತ್ತು."

ಸತ್ಯಮೂರ್ತಿಯವರ ಮನೆಗೆ ಸಣ್ಣ ಸದ್ದು ಇಳಿಸಲು ಹೋದ ಆ ಕೊನೆಯ ಭೇಟಿಯ ದಿನ ಕೆಲಸ ಮುಗಿಸಿ, ಬ್ಯಾಗು ಹೆಗಲಿಗೇರಿಸಿ, ಹನ್ನೊಂದೂ ಮುಕ್ಕಾಲರ ಬಸ್ಸಿಗೆಂದು ಬಾಗಿಲವರೆಗೆ ಬಂದಿದ್ದರು. ಪರೀಕ್ಷೆಗೆ ಹಾಕಿದ ಹಾಡು ಒಳಗೆ ಇನ್ನೂ ನಡೆಯುತ್ತಿತ್ತು. ಸತ್ಯಮೂರ್ತಿಯವರು ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಗೋದಮ್ಮ ದಿವಾನದ ಮೇಲೆ ಕಾಲು ಮಡಚಿ ಕೂತು ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದರು. ತನುಜ ಬಾಗಿಲಿಗೆ ಒರಗಿ ನಿಂತರು. ಹಾಡು ಮುಗಿದ ಮೇಲೆಯೇ ಗಡಿಯಾರ ನೋಡಿದ್ದು.

"ಯಾವ ರಾಗ ಅಂತ ನಂಗೆ ಗೊತ್ತಿಲ್ಲ," ಎನ್ನುತ್ತಾರೆ. "ಬಸ್ಸು ಹೋಗಿತ್ತು, ಅಷ್ಟೆ."