ಗಾಳಿ ಬಲ್ಲ ಹನುಮಂತ್ರಾಯ

ಹನುಮಂತ್ರಾಯ ದೇವದುರ್ಗದವನು. ಅವನ ತಂದೆ ಬಸ್ ನಿಲ್ದಾಣದ ಎದುರು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಗುಲ್ಬರ್ಗಾದಲ್ಲಿ ಡಿಪ್ಲೊಮಾ ಮುಗಿಸಿ ಬಂದ ಮಗ ಆ ಅಂಗಡಿಯ ಮುಂದೆ ಹಾದುಹೋಗುವಾಗ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದನಂತೆ, ಎಣ್ಣೆಗೈಯ ಅಪ್ಪ ನಾಲ್ಕು ಜನರ ಮುಂದೆ ಕೂಗಿ ಕರೆದುಬಿಟ್ಟಾನೆಂದು. ಇದನ್ನು ನನಗೆ ಹೇಳಿದವನು ಅವನೇ, ತಮಾಷೆಯೆಂಬಂತೆ. ನನಗೆ ನಗು ಬರಲಿಲ್ಲ.

ನಾನು ತಾಯಣ್ಣ, ಮಾನ್ವಿಯವನು. ಐಟಿಐ ಮುಗಿಸಿ ೧೯೮೧ರಲ್ಲಿ ರಾಯಚೂರು-ಮಾನ್ವಿ ರಸ್ತೆಯ ಒಂದು ನೂಲಿನ ಗಿರಣಿಗೆ ಸೇರಿದಾಗ ಅವನು ಅಲ್ಲಿ ಸೂಪರ್‌ವೈಸರ್ ಆಗಿದ್ದ. ಆ ವರ್ಷಗಳಲ್ಲಿ ದಿನಕ್ಕೆ ನಾಲ್ಕೈದು ತಾಸು ಕರೆಂಟೇ ಇರುತ್ತಿರಲಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಇನ್ನೂ ಏಳುತ್ತಿತ್ತು. ಗಿರಣಿಯವರು ಬೇಸತ್ತು ತಮ್ಮ ಕರೆಂಟು ತಾವೇ ಮಾಡಿಕೊಳ್ಳಲು ಹೊರದೇಶದಿಂದ ಒಂದು ಸಣ್ಣ ಗ್ಯಾಸ್ ಟರ್ಬೈನ್ ತರಿಸಲು ಹೊರಟರು. ಹೆಸರಿನಲ್ಲಿ ಗ್ಯಾಸ್ ಇದ್ದರೂ ಅದು ಸುಡುವುದು ಡೀಸೆಲ್. ಡೀಸೆಲ್‌ಗಿಂತ ಹೆಚ್ಚು ತಿನ್ನುವುದು ಗಾಳಿ. ಒಂದು ಟಾಕೀಸಿನೊಳಗೆ ಹಿಡಿಯುವಷ್ಟು ಗಾಳಿಯನ್ನು ಐದಾರು ನಿಮಿಷದಲ್ಲಿ ಎಳೆದುಕೊಂಡು, ಸಾಲುಸಾಲಾಗಿ ತಿರುಗುವ ತೆಳ್ಳನೆಯ ಅಲಗುಗಳಿಂದ ಒತ್ತಿ ಬೆಂಕಿಗೆ ಕೊಡುತ್ತದೆ. ಗಾಳಿಯ ಜೊತೆ ದೂಳು ಹೋದರೆ ಅಲಗು ಸವೆಯುತ್ತದೆ, ಜಿಗುಟು ಕೂಡುತ್ತದೆ, ಕರೆಂಟು ಇಳಿಯುತ್ತದೆ. ಅದಕ್ಕೇ ಗಾಳಿ ಒಳಬರುವ ಬಾಯಿಗೆ ಫಿಲ್ಟರ್ ಬೇಕು. ನಮ್ಮ ಊರಿನ ಗಾಳಿಗೆ ಎಂಥ ಫಿಲ್ಟರ್ ಎಂದು ಗೊತ್ತುಮಾಡುವ ಕೆಲಸ ಹನುಮಂತ್ರಾಯನ ಪಾಲಿಗೆ ಬಂತು.

ಅದನ್ನು ಅವನು ಮಾಡಿದ ರೀತಿಗೆ ನಾನು ಇಂದಿಗೂ ತಲೆಬಾಗುತ್ತೇನೆ. ಅವನ ಬಗ್ಗೆ ನಾನು ಹೇಳಬಹುದಾದ ಒಳ್ಳೆಯ ಮಾತು ಅದೊಂದೇ.

ಟರ್ಬೈನ್ ಕೂರಿಸುವ ಜಾಗದಲ್ಲಿ ಅವನು ಮೂರು ಕಂಬ ನೆಡಿಸಿದ. ಪ್ರತಿ ಕಂಬಕ್ಕೂ ಮೂರು ಎತ್ತರದಲ್ಲಿ ಬಿಳಿ ಮಲ್ಲಿನ ಬಟ್ಟೆ ಬಿಗಿದ ಚೌಕಟ್ಟು. ವಾರಕ್ಕೊಮ್ಮೆ ಬಟ್ಟೆ ಬಿಚ್ಚಿ, ಬಂಗಾರದ ಅಂಗಡಿಯಿಂದ ಎರವಲು ತಂದ ಸಣ್ಣ ತಕ್ಕಡಿಯಲ್ಲಿ ತೂಗಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಒಂದು ವರ್ಷ ಒಂದು ವಾರವೂ ತಪ್ಪಿಸಲಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಎರೆಮಣ್ಣಿನ ದೂಳು, ಮೂಡಗಾಳಿ ಬೀಸಿದಾಗ ಪಕ್ಕದ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ, ದೀಪಾವಳಿ ಮುಗಿದು ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಗಿರಣಿಗಳು ಶುರುವಾದ ಮೇಲೆ ಹತ್ತಿಯ ಎಳೆ. ಕಂಬ ಹತ್ತಿ ಬಟ್ಟೆ ಬದಲಿಸುತ್ತಿದ್ದವಳು ಬಾಗಲವಾಡದ ಹುಲಗೆಮ್ಮ. ಅಂಗಳ ಗುಡಿಸುವ ಹೆಂಗಸರಲ್ಲಿ ಒಬ್ಬಳು, ಮೂವತ್ತೈದರ ಆಸುಪಾಸು. ಓದು ಬರಹ ಇಲ್ಲ. ಆದರೆ ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ ಇದು ಮಣ್ಣು, ಇದು ಬೂದಿ ಎಂದು ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ.

ಡಿಸೆಂಬರಿನ ಒಂದು ಬಟ್ಟೆ ಹಿಡಿದುಕೊಂಡು ಅವಳು ಅವನಿಗೆ ಹೇಳಿದ ಮಾತು ನನಗೆ ನೆನಪಿದೆ. “ಮಣ್ಣಿಂದ ಏನೂ ಇಲ್ರಿ ಸಾಹೇಬ್ರ, ಝಾಡಿಸಿದ್ರ ಬೀಳ್ತದ. ಈ ಹತ್ತಿ ಹಂಗಲ್ಲ, ಇದು ಒಂದಕ್ಕೊಂದು ಹೆಣಕೊಂಡು ಕಂಬಳಿ ಆಗ್ತದ. ಇದನ್ನ ಮೊದಲ ಹೊರಗ ಹಿಡೀಬೇಕು.”

ಹನುಮಂತ್ರಾಯ ತಲೆಯಾಡಿಸಿ ಬರೆದುಕೊಂಡ. ಬರೆದದ್ದು ಹೀಗೆ: ಹತ್ತಿ ಎಳೆ ಮುಖ್ಯ ಶತ್ರು, ಮುಂದೆ ಬಿಚ್ಚಿ ತೊಳೆಯುವ ಜಾಲರಿ ಅಗತ್ಯ, ನನ್ನ ವೀಕ್ಷಣೆ. ಹುಲಗೆಮ್ಮನ ಹೆಸರು ಆ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ವರ್ಷದ ಕೊನೆಗೆ ಅವನ ತೀರ್ಮಾನ ಸ್ಪಷ್ಟವಿತ್ತು. ಬಾಯಿ ಉತ್ತರಕ್ಕೆ ಮುಖ ಮಾಡಿ ಮೂವತ್ತು ಅಡಿ ಮೇಲಿರಬೇಕು. ಮೊದಲು ಜಾಲರಿ, ಆಮೇಲೆ ಎಣ್ಣೆ ಸವರಿದ ಉಕ್ಕಿನ ಬಲೆ, ಕೊನೆಗೆ ಬಟ್ಟೆಯ ಚೀಲಗಳು. ಬರೀ ಕಾಗದದ ಫಿಲ್ಟರ್ ಹಾಕಿದರೆ ಹತ್ತಿಯ ಕಾಲದಲ್ಲಿ ಹದಿನೈದು ದಿನವೂ ಬಾಳುವುದಿಲ್ಲ. ಇದನ್ನು ನನಗೆ ಕ್ಯಾಂಟೀನಿನಲ್ಲಿ ಕೂತು ವಿವರಿಸುವಾಗ ಅವನ ಕಣ್ಣುಗಳು ಹೊಳೆಯುತ್ತಿದ್ದವು. ಆ ಅರ್ಧ ತಾಸು ಅವನು ದೊಡ್ಡ ಮನುಷ್ಯನಂತೆ ಕಂಡ.

ಫಿಲ್ಟರ್ ಆರಿಸುವ ಮೀಟಿಂಗು ೧೯೮೩ರ ಆಗಸ್ಟಿನಲ್ಲಿ. ಚೌಕಟ್ಟುಗಳನ್ನು ಹೊತ್ತುಕೊಂಡು ಬರಲು ನನಗೆ ಹೇಳಿದ್ದ, ಹಾಗಾಗಿ ನಾನೂ ಗೋಡೆಗೆ ಒರಗಿ ನಿಂತಿದ್ದೆ. ಜನರಲ್ ಮ್ಯಾನೇಜರ್ ಬೊಂಬಾಯಿಯವರು. ರಾಯಚೂರಿನ ಬಿಸಿಲಿಗೆ ಕಾರಿನಿಂದ ಇಳಿಯದ ಮನುಷ್ಯ. ಮೇಜಿನ ಮೇಲೆ ನುಣುಪು ಹಾಳೆಯ ಒಂದು ಕ್ಯಾಟಲಾಗು ಬಿಚ್ಚಿಟ್ಟಿದ್ದರು, ಯಾವುದೋ ದೇಶದ ಸಮುದ್ರದಂಡೆಯಲ್ಲಿ ಬೆಳ್ಳಗೆ ನಿಂತ ಫಿಲ್ಟರ್ ಮನೆಯ ಚಿತ್ರ. ಮಡಿಕೆ ಮಡಿಕೆಯ ಕಾಗದದ ಫಿಲ್ಟರ್, ಕಣ್ಣಿಗೆ ಕಾಣದ ದೂಳನ್ನೂ ಹಿಡಿಯುತ್ತದೆ ಎಂದು ಹೊಗಳಿದರು. ಅದನ್ನು ಮಾರುವ ಏಜೆಂಟ್ ಅವರ ಹೆಂಡತಿಯ ತಮ್ಮ ಎನ್ನುವುದು ಕ್ಯಾಂಟೀನಿನವರಿಗೂ ತಿಳಿದಿತ್ತು. ಕೊನೆಗೆ ಸುತ್ತ ನೋಡಿ, ಯಾರಿಗಾದರೂ ಸಂದೇಹವಿದೆಯೇ ಎಂದು ಕೇಳಿದರು.

ಹನುಮಂತ್ರಾಯನ ತೊಡೆಯ ಮೇಲೆ ನೋಟ್‌ಬುಕ್ಕಿತ್ತು. ಅದರ ಮೇಲೆ ಎರಡೂ ಅಂಗೈ ಊರಿದ್ದ. “ಇಲ್ಲ ಸರ್,” ಅಂದ. ಯಾರೂ ಇನ್ನೊಮ್ಮೆ ಕೇಳಿರಲಿಲ್ಲ, ಆದರೂ “ಅದೇ ಬೆಸ್ಟ್ ಸರ್” ಎಂದು ಸೇರಿಸಿದ. ಒಪ್ಪಿಗೆಯ ಪತ್ರದ ಮೇಲೆ ಮೊದಲ ಸಹಿಯನ್ನೂ ಅವನೇ ಹಾಕಿದ.

ಹೊರಗೆ ಬಂದ ಮೇಲೆ ನಾನು ತಡೆದು ಕೇಳಿದೆ, ವರ್ಷದ ಕೆಲಸವನ್ನು ಹೀಗೆ ನುಂಗಿಕೊಂಡದ್ದು ಯಾಕೆಂದು. ಅವನು ನಕ್ಕ.

“ಸಂದೇಹ ಅದ ಏನಂತ ಕೇಳಿದ್ರು. ನನಗ ಸಂದೇಹ ಎಲ್ಲದ ತಾಯಣ್ಣ? ಇದು ಕಟ್ಟಿಕೊಳ್ಳೋದು ಖಾತ್ರಿನೇ ಅದ.”

ಈ ಮಾತು ಜಾಣತನದ್ದೆಂದು ಅವನು ನಂಬಿದ್ದ. ಮರುವಾರ ಅವನಿಗೆ ನಲ್ಲಿ ಇರುವ ಕ್ವಾರ್ಟರ್ಸು ಸಿಕ್ಕಿತು, ಹೆಸರಿನ ಮುಂದೆ ಅಸಿಸ್ಟೆಂಟ್ ಇಂಜಿನಿಯರ್ ಎಂದು ಬಂತು. ಬಾಗಿಲಿಗೆ ಹಲಗೆ ಹಾಕಿಸಿ, ಅದು ನೇರವಾಗಿದೆಯೋ ಇಲ್ಲವೋ ಎಂದು ರಸ್ತೆಯಲ್ಲಿ ನಿಂತು ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅಕ್ಟೋಬರಿನಲ್ಲಿ ಟರ್ಬೈನ್ ತಿರುಗಿತು. ಫಿಲ್ಟರ್ ಎಷ್ಟು ಕಟ್ಟಿಕೊಂಡಿದೆ ಎಂದು ತೋರಿಸಲು ಇಂಗ್ಲಿಷ್ ಯು ಅಕ್ಷರದಂತೆ ಬಾಗಿದ ಗಾಜಿನ ಕೊಳವೆಯಲ್ಲಿ ಕೆಂಪು ನೀರು ಹಾಕಿದ್ದರು. ಫಿಲ್ಟರ್ ಹೊಸದಿದ್ದಾಗ ಎರಡು ಬದಿಯ ನೀರಿಗೆ ಒಂದು ಇಂಚು ಅಂತರ. ಆರು ಇಂಚು ದಾಟಿದರೆ ಪಕ್ಕದ ಬಾಗಿಲುಗಳು ತಾವೇ ತೆರೆದುಕೊಂಡು, ಯಂತ್ರದ ಜೀವ ಉಳಿಸಲು ಶೋಧಿಸದ ಗಾಳಿಯನ್ನೇ ಒಳಬಿಡುತ್ತವೆ. ತಾಸಿಗೊಮ್ಮೆ ಆ ಅಂತರ ಬರೆಯುವುದು ನನ್ನ ಕೆಲಸ. ಜಿನ್ನಿಂಗ್ ಶುರುವಾಗಿ ಹನ್ನೊಂದನೇ ದಿನಕ್ಕೆ ಆರು ಇಂಚು ಮುಟ್ಟಿತು. ಹೊಸ ಕಾಗದ ಹಾಕಿದೆವು. ಅದೂ ಹನ್ನೆರಡು ದಿನ. ಜನವರಿಯ ಹೊತ್ತಿಗೆ ಉಗ್ರಾಣದಲ್ಲಿ ಫಿಲ್ಟರೇ ಉಳಿಯಲಿಲ್ಲ. ಹುಲಗೆಮ್ಮ ಮತ್ತು ಇನ್ನಿಬ್ಬರು ಹೆಂಗಸರು ಹಳೆಯವನ್ನೇ ಮೆಲ್ಲಗೆ ಕುಂಚದಿಂದ ಬಳಿದು ಚೊಕ್ಕ ಮಾಡಿ ಮತ್ತೆ ಕೂರಿಸುತ್ತಿದ್ದರು. ಒಳಗೆ ಹೋದ ದೂಳಿಗೆ ಅಲಗುಗಳು ಮಂಕಾಗಿ ಕರೆಂಟು ಇಳಿದಾಗ, ತಿರುಗುವ ಯಂತ್ರದ ಬಾಯಿಗೆ ಅಕ್ಕಿ ಎರಚಿದರೆ ಅಲಗು ಉಜ್ಜಿದಂತಾಗುತ್ತದೆ ಎಂದು ಬೊಂಬಾಯಿಯಿಂದ ಸಲಹೆ ಬಂತು. ಅದನ್ನೂ ಮಾಡಿದೆವು. ಜೋಳದ ರೊಟ್ಟಿ ಉಣ್ಣುವ ಹೆಂಗಸರ ಕೈಯಿಂದ ಬುಟ್ಟಿಗಟ್ಟಲೆ ಅಕ್ಕಿ ಹಾಕಿಸುವಾಗ ಹನುಮಂತ್ರಾಯ ಪಕ್ಕದಲ್ಲಿ ನಿಂತು, ಚೆಲ್ಲಬೇಡಿರೆಂದು ಗದರುತ್ತಿದ್ದ.

ಬಾಗಿಲು ತೆರೆದಾಗಲೆಲ್ಲ ಗಂಟೆ ಹೊಡೆಯುತ್ತಿತ್ತು, ಮತ್ತು ಅದರ ವರದಿ ಜನರಲ್ ಮ್ಯಾನೇಜರಿಗೆ ಹೋಗಬೇಕಿತ್ತು. ಅವರಿಗೆ ಸಿಟ್ಟು ಬರುವುದು ಹನುಮಂತ್ರಾಯನಿಗೆ ಬೇಡವಾಗಿತ್ತು. ಒಂದು ಬೆಳಿಗ್ಗೆ ಬಂದು, ಬಾಗಿಲುಗಳು ತೆರೆಯದಂತೆ ತಂತಿ ಕಟ್ಟಿಬಿಡು ಅಂದ. ನಾನೇ ಕಟ್ಟಿದೆ. ಅದನ್ನು ಮುಚ್ಚಿಡುವುದಿಲ್ಲ. ಬರೆದು ಕೊಡಿ ಎಂದು ಕೇಳಬೇಕಿತ್ತು, ಕೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೊಳವೆಯ ಕೆಂಪು ನೀರು ಒಂದು ಬದಿಯಿಂದ ಪೂರಾ ಹಾರಿಹೋಯಿತು. ಹತ್ತಿಯ ಕಂಬಳಿ ಹೊದ್ದ ಫಿಲ್ಟರುಗಳ ಮೇಲಿನ ಸಾಲು ಚೌಕಟ್ಟು ಸಮೇತ ಒಳಕ್ಕೆ ಕುಸಿಯಿತು. ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು, ಆಮೇಲೆ ನೆಲವೇ ನಡುಗಿತು. ನಾನು ಓಡಿ ನಿಲ್ಲಿಸುವ ಗುಂಡಿ ಒತ್ತಿದೆ. ಬಿಚ್ಚಿ ನೋಡಿದಾಗ ಮೊದಲ ಎರಡು ಸಾಲಿನ ಅಲಗುಗಳು ಬುಡಕ್ಕೆ ಮುರಿದಿದ್ದವು.

ವಿಚಾರಣೆಗೆ ಹೆಡ್ ಆಫೀಸಿನಿಂದ ಈರಯ್ಯ ಎಂಬ ಹಿರಿಯ ಅಧಿಕಾರಿ ಬಂದರು, ಕನ್ನಡ ಬಲ್ಲವರು. ತಂತಿ ಕಟ್ಟಿದ್ದು ನಾನು, ಕಟ್ಟಲು ಹೇಳಿದ್ದು ಹನುಮಂತ್ರಾಯ ಎಂದು ನಾನು ಹೇಳಿದೆ. ಹಾಗೆ ಹೇಳಿದ ನೆನಪಿಲ್ಲ ಎಂದು ಅವನು ಮೇಜು ನೋಡುತ್ತ ಹೇಳಿದ. ಹೆಂಗಸರು ಸರಿಯಾಗಿ ಚೊಕ್ಕ ಮಾಡದ್ದರಿಂದ ಫಿಲ್ಟರ್ ಕಟ್ಟಿತು ಎಂಬುದು ಅವನು ಮೊದಲೇ ಬರೆದುಕೊಟ್ಟ ವರದಿ. ಹುಲಗೆಮ್ಮನನ್ನು ಕರೆಸಿದರು. ಅವಳು ಸೆರಗು ಬಿಗಿದು ನಿಂತು, ದನಿ ಏರಿಸದೆ ಹೇಳಿದಳು.

“ನಾವು ಬಳದೀವ್ರಿ. ಜೋರ್ ಬಳದ್ರ ಕಾಗದ ಹರೀತದ, ಮೆಲ್ಲಕ ಬಳದ್ರ ಹತ್ತಿ ಬಿಡಂಗಿಲ್ಲ. ಈ ಕಾಗದ ನಮ್ಮ ಗಾಳಿಗಿ ತಡ್ಯಂಗಿಲ್ಲ ಅಂತ ಈ ಸಾಹೇಬ್ರಿಗಿ ಮೊದಲ ಗೊತ್ತಿತ್ತು. ಒಂದು ವರ್ಷ ನಾನ ಕಂಬ ಹತ್ತೀನಿ. ಅವರ ಮಾರಿ ನೋಡಿ ಕೇಳ್ರಿ.”

ಈರಯ್ಯನವರು ಅವನತ್ತ ತಿರುಗಿದರು. ಹನುಮಂತ್ರಾಯ ಮುಂದಿದ್ದ ಕಾಗದಗಳ ಅಂಚು ಸರಿಮಾಡಿದ. “ಓದು ಬರಹ ಇಲ್ಲದ ಹೆಂಗಸು ಸರ್. ಆಕೆಗೆ ಇದೆಲ್ಲ ಏನು ತಿಳಿಯುತ್ತದೆ?” ಅಂದ, ದೊಡ್ಡವರ ಮುಂದೆ ಮಾತ್ರ ಆಡುವ ಪುಸ್ತಕದ ಕನ್ನಡದಲ್ಲಿ. ಅವನ ನೋಟ್‌ಬುಕ್ಕು ಆಗ ಕ್ವಾರ್ಟರ್ಸಿನ ಟ್ರಂಕಿನಲ್ಲಿ ಬೆಚ್ಚಗಿತ್ತು. ಅದರ ಬಗ್ಗೆ ನಾನು ಹೇಳಿದಾಗ, ಅಂಥದ್ದೇನೂ ಇಲ್ಲ ಎಂದ.

ನನ್ನನ್ನು ಒಂದು ತಿಂಗಳು ಸಸ್ಪೆಂಡ್ ಮಾಡಿದರು. ಮೂವರು ಹೆಂಗಸರನ್ನು ಕೆಲಸದಿಂದ ತೆಗೆದರು. ಹುಲಗೆಮ್ಮ ಗೇಟಿನ ಹೊರಗೆ ಬಸ್ಸಿಗೆ ನಿಂತಿದ್ದಾಗ ಹನುಮಂತ್ರಾಯ ಸ್ಕೂಟರಿನಲ್ಲಿ ಹಾದುಹೋದ, ರಸ್ತೆಯ ಆಚೆ ಬದಿಯಿಂದ.

ಏಜೆಂಟಿನ ನಂಟು ಮಾಲೀಕರ ಕಿವಿಗೆ ಬಿದ್ದು ಬೇಸಿಗೆಯೊಳಗೆ ಜನರಲ್ ಮ್ಯಾನೇಜರ್ ಗಂಟುಮೂಟೆ ಕಟ್ಟಿದರು. ಹೊಸಬರು ಬಂದ ನಾಲ್ಕನೇ ದಿನಕ್ಕೆ ಇಲ್ಲವೆಂದ ನೋಟ್‌ಬುಕ್ಕು ಹೊರಬಂತು, ಹೊಸ ರಟ್ಟು ಹಾಕಿಸಿಕೊಂಡು. ಮೊದಲೇ ಯಾಕೆ ತೋರಿಸಲಿಲ್ಲ ಎಂದು ಅವರು ಕೇಳಿದರಂತೆ. ಹಿಂದಿನವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ ಎಂದನಂತೆ ಇವನು. ಒಬ್ಬ ಮನುಷ್ಯ ಇಷ್ಟು ಸಲೀಸಾಗಿ ಎರಡು ನಾಲಿಗೆ ಬೆಳೆಸಿಕೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಯಂತ್ರಕ್ಕೆ ಹೊಸ ಅಲಗು ಹಾಕಿಸಿ, ಫಿಲ್ಟರ್ ಮನೆಯನ್ನು ಅವನು ಬರೆದಂತೆಯೇ ಮತ್ತೆ ಕಟ್ಟಿದರು. ಉತ್ತರಕ್ಕೆ ಬಾಯಿ, ಮೂವತ್ತು ಅಡಿ ಎತ್ತರ, ಜಾಲರಿ, ಬಲೆ, ಚೀಲ. ಮುಂದಿನ ಹತ್ತಿಯ ಕಾಲದಲ್ಲಿ ಕೆಂಪು ನೀರು ಎರಡು ಇಂಚು ದಾಟಲಿಲ್ಲ. ಅವನಿಗೆ ಹಾರ ಹಾಕಿ ಫೋಟೊ ತೆಗೆದರು. ಅವನು ಬಲ್ಲದ್ದು ನಿಜವಾಗಿತ್ತು, ಅಷ್ಟೂ ನಿಜವಾಗಿತ್ತು. ಆ ಫೋಟೊ ನೋಡಿದಾಗಲೆಲ್ಲ ನನಗೆ ಅಸಹ್ಯ ಇನ್ನೂ ಹೆಚ್ಚುತ್ತಿತ್ತು.

ಒಂದೇ ತೊಂದರೆ ಉಳಿಯಿತು. ಜಾಲರಿಯನ್ನು ಯಾವಾಗ ಬಿಚ್ಚಬೇಕು, ಎಷ್ಟು ತಟ್ಟಬೇಕು ಎಂಬ ಹದ ಹೊಸ ಆಳುಗಳಿಗೆ ಸಿಗಲಿಲ್ಲ. ಮೂರು ಜಾಲರಿ ಹರಿದವು. ೧೯೮೫ರ ಜನವರಿಯಲ್ಲಿ ಹನುಮಂತ್ರಾಯ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಾಗಲವಾಡಕ್ಕೆ ಹೋದ. ಹುಲಗೆಮ್ಮ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕೂತಿದ್ದಳು. ನೀರು ಕೊಟ್ಟಳು. ಕೂಡ್ರಿ ಎಂದು ನನಗೆ ಮಾತ್ರ ಹೇಳಿದಳು.

ಅವನು ನಿಂತೇ ಮಾತು ಶುರುಮಾಡಿದ. ಹಳೆಯದನ್ನು ಮರೆತುಬಿಡಬೇಕು, ಈಗ ಪರ್ಮನೆಂಟ್ ಕೆಲಸ, ಮೂರೂ ಜನ ಬರಬಹುದು. ಅವಳು ಮೊರ ಕೆಳಗಿಟ್ಟಳು.

“ಅವತ್ತು ನನಗೇನು ತಿಳೀತದ ಅಂದ್ರಲ್ಲ, ಅದು ಸುಳ್ಳು ಅಂತ ಆ ಈರಯ್ಯ ಸಾಹೇಬ್ರಿಗಿ ಕಾಗದ ಬರೀತೀರೇನ್ರಿ?”

“ಅದೆಲ್ಲ ಈಗ ಯಾಕ ಹುಲಗೆವ್ವ?” ಅಂದ ಅವನು.

“ಹಂಗಾದ್ರ ನಾ ಬರಂಗಿಲ್ಲ. ಕೆಲಸಕ್ಕ ಅಂಜಿ ಅಲ್ರಿ. ನಿಮ್ಮ ಕೈಯಾಗ ಕೆಲಸ ಮಾಡಾಕ ನನಗ ಹೇಸಿಕಿ ಬರ್ತದ.”

ಮೊರ ಎತ್ತಿಕೊಂಡು ಕೇರತೊಡಗಿದಳು. ಒಂದು ಸಾಲು ಬರೆದಿದ್ದರೆ ಮೂರು ಮನೆಗಳಿಗೆ ಮಾನ ಮರಳುತ್ತಿತ್ತು, ಅವನ ಕೂದಲೂ ಕೊಂಕುತ್ತಿರಲಿಲ್ಲ. ಹಳೆಯ ಮ್ಯಾನೇಜರ್ ಹೋಗಿ ಎಂಟೊಂಬತ್ತು ತಿಂಗಳಾಗಿತ್ತು. ಹೆದರಲು ಯಾರೂ ಇಲ್ಲದಾಗಲೂ ಅವನಿಗೆ ಹೆದರಿಕೆ ಬಿಡಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ, ಇಂಥವರಿಗೆ ಒಳ್ಳೆಯದು ಮಾಡಲು ಹೋಗಬಾರದು ಎಂದು ಗೊಣಗಿದ. ನಾನು ಮಾನ್ವಿಯಲ್ಲೇ ಇಳಿದುಕೊಂಡು ಬಸ್ಸಿಗೆ ಹೋದೆ.

ಹುಲಗೆಮ್ಮ ಆ ವರ್ಷವೇ ಮಾನ್ವಿಯ ಒಂದು ಅಕ್ಕಿ ಗಿರಣಿ ಸೇರಿದಳು. ಕೈಯಲ್ಲಿ ಉಜ್ಜಿಯೇ ಭತ್ತದ ಹಸಿ ಹೇಳುತ್ತಾಳೆಂದು ಅಲ್ಲಿಯ ಮಾಲೀಕರು ಅವಳನ್ನು ಹೆಂಗಸರ ಮೇಸ್ತ್ರಿ ಮಾಡಿದರು. ನಾನು ಮರುವರ್ಷ ಶಕ್ತಿನಗರದಲ್ಲಿ ಕೆಲಸ ಹಿಡಿದೆ. ಕರೆಂಟು ಸುಧಾರಿಸಿದ ಮೇಲೆ ಡೀಸೆಲ್ ಸುಡುವುದು ದುಬಾರಿಯೆಂದು ಗಿರಣಿಯವರು ೧೯೮೮ರಲ್ಲಿ ಟರ್ಬೈನ್ ನಿಲ್ಲಿಸಿ ಮಾರಿದರು. ಹನುಮಂತ್ರಾಯನ ಹುದ್ದೆಯೂ ಅದರ ಜೊತೆಗೇ ಹೋಯಿತು.

ಮರುವರ್ಷ ದೇವದುರ್ಗದ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ಕೂದಲು ಹಣ್ಣಾಗಿತ್ತು. ನನ್ನನ್ನು ಕಂಡು ಸಂತೋಷಪಟ್ಟ, ಅದು ನಟನೆಯಾಗಿರಲಿಲ್ಲ. ಚಹಾ ಕುಡಿಯೋಣ ಬಾ ಎಂದು ಕರೆದ. ತಾನು ಕಟ್ಟಿಸಿದ ಫಿಲ್ಟರ್ ಮನೆಯಂಥದ್ದು ಈ ಸೀಮೆಯಲ್ಲೇ ಇರಲಿಲ್ಲ ಎಂದು ಹೇಳಿದ. ಆಮೇಲೆ ಬೇರೆ ಕಡೆ ನೋಡುತ್ತ ಕೇಳಿದ. “ಆ ಹೆಣ್ಮಗಳು ಎಲ್ಲದಾಳ ಈಗ?”

“ಚಲೋ ಅದಾಳ,” ಅಂದೆ. ಎಲ್ಲಿದ್ದಾಳೆಂದು ಹೇಳಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ರಾಯಚೂರಿನ ಬಸ್ಸು ಬಂತು. ಚಹಾಕ್ಕೆ ನಿಲ್ಲದೆ ಹತ್ತಿದೆ.